ನಂಜೇಶ ಹಚ್ಚದ ಬೆಂಕಿ

ಹೆಮ್ಮಿಗೆಗೆ ಬಂದು ಚೆಲುವರಾಜು ಮನೆ ಎಲ್ಲಿ ಅಂತ ಕೇಳಿದರೆ, ಯಾವ ಚೆಲುವರಾಜು ಎಂದು ತಿರುಗಿ ಕೇಳುತ್ತಾರೆ. ಡೆಲ್ಲಿ ಚೆಲುವ ಎಂದರೆ ಸಾಕು, ಎಮ್ಮೆ ಹೊಡೆದುಕೊಂಡು ಹೋಗುತ್ತಿರುವವರೂ ನಿಂತು ಕೈ ತೋರಿಸುತ್ತಾರೆ. ಅವನ ಲಾರಿ ಡೆಲ್ಲಿಯನ್ನೂ ದಾಟಿ ಅಂಬಾಲ, ಲುಧಿಯಾನ, ಜಮ್ಮು ಅಂತ ಹೋಗುತ್ತಿತ್ತು. ಆದರೆ ಊರಿನವರಿಗೆ ಡೆಲ್ಲಿಯಿಂದಾಚೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಹಾಗಾಗಿ ಅವನ ಹೆಸರು ಅಲ್ಲಿಗೇ ನಿಂತಿತು.

ಅಪ್ಪ ತಿಮ್ಮಯ್ಯನಿಗೆ ನಾಲೆಯ ಬಯಲಿನಲ್ಲಿ ತುಂಡು ಗದ್ದೆ ಇತ್ತು. ಮಗ ಕೆಸರಿಗಿಳಿಯಲಿ ಎಂದು ಅವನು ಬೈದದ್ದೇ ಬೈದದ್ದು. ಚೆಲುವರಾಜುವಿಗೆ ಮಾತ್ರ ಬನ್ನೂರಿನ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ನೇತಾಡುವುದರಲ್ಲೇ ಸುಖ. ಟ್ರ್ಯಾಕ್ಟರಿನಿಂದ ಟೆಂಪೊ, ಟೆಂಪೊದಿಂದ ಲಾರಿ. ಮೂವತ್ತು ವರ್ಷ ಉತ್ತರದ ಲೈನಿನಲ್ಲಿ ಓಡಿದ. ಡಾಬಾಗಳಲ್ಲಿ ಕೂತು ಕೂತೇ ಹಿಂದಿ ಕಲಿತ. ಗಂಡು ಹೆಣ್ಣಿನ ವ್ಯತ್ಯಾಸವಿಲ್ಲದ ಹಿಂದಿ, ಆದರೆ ಎಲ್ಲರಿಗೂ ಅರ್ಥವಾಗುವಂಥದ್ದು.

ಜಗಳದ ಮನುಷ್ಯನಲ್ಲ. ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಸುಮ್ಮನೆ ಬೈದರೂ, ಮಂಡಿಯಲ್ಲಿ ಇಳಿಸುವವರು ಅರ್ಧ ದಿನ ಕಾಯಿಸಿದರೂ, "ಆಗ್ಲಿ ಬುಡು" ಎಂದು ಕ್ಯಾಬಿನ್ ಹತ್ತಿ ಮಲಗುತ್ತಿದ್ದ. ಹೆಂಡತಿ ಆಶಾರಾಣಿ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವಳದು ತದ್ವಿರುದ್ಧ. ಅಕ್ಕಿಯಲ್ಲಿ ಹುಳ ಕಂಡರೆ ಮೂಟೆಯನ್ನೇ ಹೊರಿಸಿಕೊಂಡು ಹೋಗಿ ನರಸೀಪುರದ ಆಫೀಸಿನ ಮೇಜಿನ ಮುಂದೆ ಇಳಿಸಿ ಬಂದವಳು. "ನಮ್ಮ ಮನೇಲಿ ಬಾಯಿ ಒಂದೇ ಇರೋದು, ಅದು ನಂದು" ಎನ್ನುತ್ತಿದ್ದಳು.

ಲಾರಿಯ ಇನ್ನೊಬ್ಬ ಡ್ರೈವರ್ ನಂಜೇಶ. ನಂಜನಗೂಡಿನ ಅಂಚಿನಲ್ಲಿ ಮನೆ. ಅಪ್ಪ ಮಾದಯ್ಯ ಮಠದ ತೋಟ ನೋಡಿಕೊಳ್ಳುವವನು, ತಾಯಿ ಮಂಗಳಮ್ಮ. ಕೊರಳಲ್ಲಿ ಲಿಂಗ ಕಟ್ಟಿದ ನಂಜೇಶ ಮಾಂಸ ಬೇಯುವ ಡಾಬಾಗಳಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಹೋದಲ್ಲೆಲ್ಲ ಲಾರಿಯ ಪಕ್ಕದಲ್ಲಿ ಸೀಮೆಎಣ್ಣೆ ಒಲೆ ಇಟ್ಟು ಅನ್ನ ಸಾರು ಮಾಡುತ್ತಿದ್ದ. ಚೆಲುವರಾಜು ಹೆಚ್ಚುವುದಕ್ಕೆ, ನಂಜೇಶ ಬೇಯಿಸುವುದಕ್ಕೆ. ಒಬ್ಬ ಮಾತಾಡುವುದಕ್ಕೆ, ಇನ್ನೊಬ್ಬ ಕೇಳುವುದಕ್ಕೆ. ನಾಗಪುರ ಬರುವುದರೊಳಗೆ ನಂಜೇಶ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ, ಝಾನ್ಸಿಯಿಂದ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ನಂಜೇಶ ಒಲೆ ಹಚ್ಚದೆ ಊಟ ಮಾಡುತ್ತಿದ್ದ ಜಾಗ ಇಡೀ ಉತ್ತರದಲ್ಲಿ ಒಂದೇ ಒಂದು. ಪಂಜಾಬಿನಲ್ಲಿ ಗಡಿಗೆ ಹತ್ತಿರದ ಒಂದು ಮಂಡಿ ಪೇಟೆ. ಅಲ್ಲಿನ ಲಾರಿ ಸ್ಟ್ಯಾಂಡಿಗೆ ಅಂಟಿಕೊಂಡಂತೆ ಬಲ್ಬೀರ್ ಕೌರ್ ಎಂಬ ಹೆಂಗಸು ಗಂಡನ ಜೊತೆ ಸಸ್ಯಾಹಾರದ ಡಾಬಾ ನಡೆಸುತ್ತಿದ್ದಳು. ಅರವತ್ತು ದಾಟಿದವಳು, ದೊಡ್ಡ ಕೈ, ದೊಡ್ಡ ದನಿ. ನಮ್ಮ ಕಡೆಯಿಂದ ಎಳನೀರು, ತೆಂಗಿನಕಾಯಿ ಹೊತ್ತು ಹೋಗುವ ಡ್ರೈವರುಗಳೆಲ್ಲ ಅವಳನ್ನು ಬೀಬೀಜಿ ಎನ್ನುತ್ತಿದ್ದರು. ನಂಜೇಶ ಅಮ್ಮನ ಕೈಯ ಹುಳಿಪುಡಿ ಕೊಡುತ್ತಿದ್ದ, ಅವಳು ಡಬ್ಬಿ ತುಂಬ ಉಪ್ಪಿನಕಾಯಿ ಕೊಡುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅರ್ಧ ಗಂಟೆ ನಿಂತು ಮಾತಾಡುತ್ತಿದ್ದರು.

ಆ ಮೇ ತಿಂಗಳಲ್ಲಿ ಇಬ್ಬರೂ ಎಳನೀರು ತುಂಬಿಕೊಂಡು ಹೊರಟಾಗ ಗಡಿಯಲ್ಲಿ ಗಲಾಟೆ ಶುರುವಾಗಿತ್ತು. ಅಂಬಾಲ ದಾಟುವಾಗ ಎದುರಿನಿಂದ ಬರುವ ಲಾರಿಯವರು ಕೈ ಆಡಿಸಿ ತಿರುಗಿಸಿ, ತಿರುಗಿಸಿ ಎನ್ನುತ್ತಿದ್ದರು. ಚೆಲುವರಾಜು ಲಾರಿ ನಿಲ್ಲಿಸಿ, ಮಾಲೀಕ ಗಂಗಾಧರಸ್ವಾಮಿಗೆ ಫೋನ್ ಮಾಡಿದ. ನಂಜನಗೂಡಿನ ಊಟಿ ರಸ್ತೆಯಲ್ಲಿ ಗಂಗಾಧರಸ್ವಾಮಿಯ ಷೆಡ್ಡು. ಹತ್ತಾರು ಲಾರಿಯ ಧಣಿ.

"ಡ್ರೋನ್ ಬತ್ತಾವಂತೆ ಸಾ. ರಾತ್ರಿ ಕರೆಂಟೇ ಆಕಲ್ವಂತೆ. ತಿರ್ಗಾ ಡೆಲ್ಲಿಗೋಗಿ ಅಲ್ಲಿ ಮಂಡೀಲೇ ಇಳಿಸ್ಬುಡೋಣ್ವಾ?"

"ಡೆಲ್ಲೀಲಿ ಯಾರ್ ಕೇಳ್ತಾರೋ ಈಗ? ಪಾರ್ಟಿ ಅಲ್ಲಿ ಕಾಯ್ತಾವ್ನೆ. ಮಿಲ್ಟ್ರಿಯೋರು ಮಿಲ್ಟ್ರಿಯೋರ್ಗೆ ಹೊಡ್ಕೋತಾರೆ, ಎಳನೀರಿಗೆ ಯಾರೂ ಬಾಂಬ್ ಹಾಕಲ್ಲ. ಹೋಗ್ ಹೋಗು" ಎಂದ ಗಂಗಾಧರಸ್ವಾಮಿ.

ನಂಜೇಶ ಪಕ್ಕದಿಂದ ಕೇಳಿಸಿಕೊಂಡು ನಕ್ಕ. "ಆಗ್ಲಿ ಬುಡು ಅನ್ನು, ಇನ್ನೇನು" ಎಂದ. ಚೆಲುವರಾಜು ಅದನ್ನೇ ಅಂದು ಗೇರ್ ಹಾಕಿದ.

ಮಾರನೆಯ ದಿನ ಮಧ್ಯಾಹ್ನ ಮಂಡಿ ಸೇರಿದರು. ಹಮಾಲಿಗಳು ಅರ್ಧಕ್ಕರ್ಧ ಊರು ಬಿಟ್ಟಿದ್ದರು. ಉಳಿದವರಲ್ಲಿ ಬಿಹಾರದ ರಾಮ್‌ಪ್ರವೇಶ್ ಎಂಬವನೊಬ್ಬ, ನಾಳೆ ಬೆಳಿಗ್ಗೆ ನಾನೇ ಜನ ಹೊಂದಿಸಿ ಇಳಿಸುತ್ತೇನೆ ಎಂದ. ಲಾರಿಗಳು ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತವು. ಹೊತ್ತು ಮುಳುಗುವ ಮೊದಲೇ ಉಂಡು ಮಲಗಬೇಕೆಂದು ಪೊಲೀಸರು ಮೈಕಿನಲ್ಲಿ ಕೂಗಿಕೊಂಡು ಹೋದರು. ಬಲ್ಬೀರ್ ಕೌರ್ ತಂದೂರಿಗೆ ಬೇಗ ಬೇಗ ರೊಟ್ಟಿ ಬಡಿಯುತ್ತಿದ್ದಳು.

ಇನ್ನೂ ಆಕಾಶದಲ್ಲಿ ಬೆಳಕು ಇರುವಾಗಲೇ ಸೈರನ್ ಕೂಗಿತು. ಪೇಟೆಯ ದೀಪಗಳೆಲ್ಲ ಒಟ್ಟಿಗೆ ಆರಿದವು. ಡ್ರೈವರುಗಳು ಲಾರಿಯ ಕೆಳಗೆ, ಮಂಡಿಯ ಗೋಡೆಯ ಮರೆಗೆ ಓಡಿದರು. ಚೆಲುವರಾಜು ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪಕ್ಕಕ್ಕೆ ನೋಡಿದರೆ ನಂಜೇಶ ಇಲ್ಲ. ಕಣ್ಣು ಹಾಯಿಸಿದ. ಇಡೀ ಪೇಟೆಯಲ್ಲಿ ಕೆಂಪಗೆ ಕಾಣುತ್ತಿದ್ದದ್ದು ಒಂದೇ, ಬೀಬೀಜಿಯ ತಂದೂರಿನ ಬಾಯಿ. ಅವಳು ಅದರ ಮೇಲೆ ತಗಡು ಎಳೆಯಲು ಹೆಣಗುತ್ತಿದ್ದಳು. ಬಿಸಿಗೆ ಕೈ ಸುಟ್ಟು ತಗಡು ಜಾರುತ್ತಿತ್ತು. ಅವಳ ಗಂಡ ಬಕೆಟ್ ಹಿಡಿದು ನೀರಿಗೆ ಓಡಿದ್ದ. ನಂಜೇಶ ಎಳನೀರಿಗೆ ಹೊದಿಸಿದ್ದ ಒದ್ದೆ ಗೋಣಿಯನ್ನು ಕಿತ್ತುಕೊಂಡು ಅತ್ತ ಓಡುತ್ತಿದ್ದ. ಹಿಂದೆಯೇ ರಾಮ್‌ಪ್ರವೇಶ್.

"ಲೇ ನಂಜೇಶಾ, ಬಾರ್ಲಾ ಈ ಕಡೆ!" ಎಂದು ಚೆಲುವರಾಜು ಕೂಗಿದ.

"ಬಂದೆ ತಡಿ, ಮುಚ್‌ಬುಟ್ ಬತ್ತೀನಿ" ಎಂದ ನಂಜೇಶ.

ಮುಚ್ಚಿದರು. ಗೋಣಿ ಹೊದಿಸಿ ಮೇಲೆ ತಗಡು ಹಾಕಿ ಮುಚ್ಚಿದ್ದನ್ನು ಚೆಲುವರಾಜು ಕಣ್ಣಾರೆ ನೋಡಿದ. ಕೆಂಪು ಪೂರ್ತಿ ಹೋಗಿ ಪೇಟೆ ಕತ್ತಲಾಯಿತು. ಆಮೇಲೆ ಮೇಲಿನಿಂದ ಹಳೆಯ ಮೊಪೆಡ್ ದಿಬ್ಬ ಹತ್ತುವಾಗ ಮಾಡುವಂಥ ಸದ್ದು. ಎಲ್ಲೋ ದೂರದಿಂದ ನಮ್ಮ ಸೈನ್ಯದ ತೋಪುಗಳು ಬೊಗಳಿದವು. ಸದ್ದು ಹತ್ತಿರವಾಯಿತು, ತಲೆಯ ಮೇಲೆ ಬಂತು. ನಂಜೇಶ ಬೀಬೀಜಿಯನ್ನು ರಟ್ಟೆ ಹಿಡಿದು ಹಿಟ್ಟಿನ ಕೋಣೆಯೊಳಕ್ಕೆ ತಳ್ಳಿದ. ಅವನು ತಿರುಗಿ ಗೋಡೆಯ ಕಡೆಗೆ ಬರಬೇಕು, ಅಷ್ಟರಲ್ಲಿ ಡಾಬಾದ ಮುಂದಿನ ಅಂಗಳ ಬಿಳಿಯಾಯಿತು.

ಸದ್ದು ಕೇಳಿದ ನೆನಪು ಚೆಲುವರಾಜುವಿಗೆ ಇಲ್ಲ. ಕಣ್ಣು ಬಿಟ್ಟಾಗ ಎಳನೀರು ಒಡೆದು ಬೆನ್ನೆಲ್ಲ ಒದ್ದೆಯಾಗಿತ್ತು, ತೊಡೆಯಲ್ಲಿ ಕಬ್ಬಿಣದ ಚೂರು ಕೂತಿತ್ತು. ತೆವಳಿಕೊಂಡು ಹೋದ. ಬಕೆಟ್ ಹಿಡಿದು ಓಡಿದ್ದ ಸರದಾರ, ಬೀಬೀಜಿಯ ಗಂಡ, ಬಾವಿಯ ಕಟ್ಟೆಯ ಹತ್ತಿರ ಬಿದ್ದಿದ್ದ. ರಾಮ್‌ಪ್ರವೇಶ್ ಲಾರಿಯ ಚಕ್ರಕ್ಕೆ ಒರಗಿ ಕೂತವನ ಹಾಗೆ ಇದ್ದ. ನಂಜೇಶ ಮಗ್ಗುಲಾಗಿ ಮಲಗಿದ್ದ. ಮುಖಕ್ಕೆ ಏನೂ ಆಗಿರಲಿಲ್ಲ. ಚೆಲುವರಾಜು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಸರು ಹಿಡಿದು ಕೂಗಿದ. ತನ್ನ ದನಿಯೇ ತನಗೆ ಒಂದು ಕಡೆಯಿಂದ ಮಾತ್ರ ಕೇಳುತ್ತಿದೆ ಎಂದು ಆಗ ಗೊತ್ತಾಯಿತು.

ಆಸ್ಪತ್ರೆಯಲ್ಲಿ ತೊಡೆಯ ಚೂರು ತೆಗೆದರು. ಎಡಗಿವಿಯ ತಮಟೆ ಹರಿದಿದೆ, ಇನ್ನೂ ಮಲಗಿರು ಎಂದರು. ನಂಜೇಶನ ದೇಹ ಒಂಟಿಯಾಗಿ ಹೋಗಕೂಡದು ಎಂದು ಹಟ ಹಿಡಿದು ಅದರ ಜೊತೆಯಲ್ಲೇ ಹೊರಟ. ನಂಜನಗೂಡಿನಲ್ಲಿ ಜನ ಸೇರಿದ್ದರು, ಹಾರ ಬಂದವು, ಭಾಷಣ ಆಯಿತು. ಮಠದ ತೋಟದ ಮೂಲೆಯಲ್ಲಿ ಅವರ ಪದ್ಧತಿಯಂತೆ ನಂಜೇಶನನ್ನು ಕೂರಿಸಿ ಮಣ್ಣು ಮಾಡಿದರು. ಅವನ ಹೆಂಡತಿ ಶ್ವೇತ, ಮೂವತ್ತೈದರ ಆಸುಪಾಸಿನವಳು, ಊರಾಚೆಯ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು, ಹಿಡಿ ಮಣ್ಣು ಹಾಕಿದಳು.

ಗಡಿಯಲ್ಲಿ ಸದ್ದಡಗಿತು. ಟೀವಿಯವರು ಬೇರೆ ಸುದ್ದಿಗೆ ಹೋದರು. ಆದರೆ ನಂಜನಗೂಡಿನಲ್ಲಿ ಜನ ಗಂಗಾಧರಸ್ವಾಮಿಯ ಕಡೆಗೆ ನೋಡಲು ಶುರು ಮಾಡಿದರು. ಎಲ್ಲರೂ ತಿರುಗಿ ಬರುತ್ತಿದ್ದಾಗ ಇವನ ಲಾರಿ ಯಾಕೆ ಮುಂದೆ ಹೋಯಿತು? ಹೋಗು ಎಂದವರು ಯಾರು? ಚಹಾ ಅಂಗಡಿಯಲ್ಲಿ ಒಬ್ಬ ಎದುರಿಗೇ ಕೇಳಿಬಿಟ್ಟನಂತೆ. ಅದಾದ ಸ್ವಲ್ಪ ದಿನಕ್ಕೆ, ಮದನ್ ಎಂಬ ಹುಡುಗಾಟದ ಯುವಕ ನಡೆಸುವ ಯೂಟ್ಯೂಬ್ ಚಾನೆಲ್ಲಿನಲ್ಲಿ ಗಂಗಾಧರಸ್ವಾಮಿ ವಿಭೂತಿ ಹಚ್ಚಿಕೊಂಡು ಕೂತು ಮಾತಾಡಿದ.

"ನಮ್ ಹುಡುಗ, ಸತ್ತೋದ, ಏನೂ ಅನ್ನಬಾರ್ದು. ಆದ್ರೂ ನಿಜ ಹೇಳ್ಬೇಕಲ್ವಾ? ದೀಪ ಆರ್ಸಿ ಅಂತ ಸರ್ಕಾರ ಹೇಳಿದ್ರೂ ಇವನು ಒಲೆ ಹಚ್ಕೊಂಡು ಸಾರು ಮಾಡ್ತಾ ಕೂತಿದ್ನಂತೆ. ಆ ಬೆಂಕಿ ನೋಡೇ ಡ್ರೋನ್ ಬಂದದ್ದು. ಅವನ ಜೊತೆ ಇನ್ನಿಬ್ರು ಹೋದ್ರು, ಪಾಪ."

ಆ ವಿಡಿಯೊ ಫೋನಿಂದ ಫೋನಿಗೆ ಹೋಯಿತು. ಗಾರ್ಮೆಂಟ್ಸಿನಲ್ಲಿ ಶ್ವೇತಳ ಪಕ್ಕದ ಮೆಷಿನ್ನಿನವಳು ಊಟದ ಹೊತ್ತಿಗೆ ಅದನ್ನು ನೋಡುತ್ತಿದ್ದವಳು ಇವಳು ಬಂದ ಕೂಡಲೇ ಫೋನ್ ಮಗುಚಿದಳು. ಮಾದಯ್ಯನಿಗೆ ಮಠದಲ್ಲಿ ಯಾರೋ, ನಿಮ್ಮ ಹುಡುಗನಿಂದ ಇಬ್ಬರ ಜೀವ ಹೋಯಿತಂತಲ್ಲ, ಎಂದರು. ಅವನು ತೋಟಕ್ಕೆ ಹೋಗುವುದನ್ನೇ ಬಿಟ್ಟು ಜಗಲಿಯ ಮೇಲೆ ಕೂತುಬಿಟ್ಟ.

ಶ್ವೇತ ರಜೆ ಹಾಕಿ, ನರಸೀಪುರಕ್ಕೆ ಬಂದು ಬಸ್ಸು ಬದಲಿಸಿ ಹೆಮ್ಮಿಗೆಗೆ ಬಂದಳು. ಚೆಲುವರಾಜು ಅಂಗಳದಲ್ಲಿ ಕಾಲು ಚಾಚಿ ಕೂತಿದ್ದ. ಅವಳು ಎಡಗಡೆಯಿಂದ ಮಾತಾಡಿದಳು, ಅವನಿಗೆ ಕೇಳಿಸಲಿಲ್ಲ. ಬಲಕ್ಕೆ ಬಂದು ಕೂತಳು.

"ನಿಜ ಏಳಣ್ಣ. ಅವ್ರು ಒಲೆ ಅಚ್ಚಿದ್ರಾ?"

"ಯಾವ ಒಲೆ?" ಎಂದ. ಅವನ ಫೋನಿಗೆ ಅಂಥವೆಲ್ಲ ಬರುತ್ತಿರಲಿಲ್ಲ. ಅವಳು ವಿಡಿಯೊ ತೋರಿಸಿದಳು. ಆಶಾರಾಣಿ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ಈಗ ಆಗ್ಲಿ ಬುಡು ಎನ್ನುತ್ತಾನೆ, ಹಾಗಂದರೆ ಇವತ್ತು ಇವನನ್ನು ಮನೆಯಿಂದ ಆಚೆ ಹಾಕುತ್ತೇನೆ ಎಂದುಕೊಂಡಳಂತೆ. ಅವನು ಅನ್ನಲಿಲ್ಲ. ಶ್ವೇತಳಿಗೆ ನಡೆದದ್ದನ್ನೆಲ್ಲ ಹೇಳಿದ, ಗೋಣಿ, ತಗಡು, ರಟ್ಟೆ ಹಿಡಿದು ತಳ್ಳಿದ್ದು, ಎಲ್ಲ. ಆಮೇಲೆ ಕೋಲು ಹಿಡಿದು ಎದ್ದ. "ಬಾ" ಎಂದ.

ಗಂಗಾಧರಸ್ವಾಮಿಯ ಷೆಡ್ಡಿನಲ್ಲಿ ಕುರ್ಚಿ ಹಾಕಿಸಿ ಉಪಚಾರ ಮಾಡಿದರು. ಚೆಲುವರಾಜು ಕೂರಲಿಲ್ಲ.

"ಸಾ, ನಂಜೇಶ ಒಲೆ ಅಚ್ಚಿರ್ಲಿಲ್ಲ. ಉರೀತಿದ್ದ ಬೆಂಕಿ ಮುಚ್ಚಾಕೋಗಿ ಸತ್ತ. ನಾನು ನೋಡಿವ್ನಿ. ತಿರ್ಗಾ ಅದೇ ಚಾನೆಲ್ನಾಗೆ ಕೂತು ಏಳಿ."

"ಅಲ್ಲಯ್ಯ, ನಿಂಗೆ ಪೆಟ್ಟು ಬಿದ್ದು ಜ್ಞಾನ ಇರ್ಲಿಲ್ಲ ಅಂತ ಆಸ್ಪತ್ರೆಯೋರೇ ಹೇಳವ್ರೆ. ಜೊತೆಗಾರ ಅಂತ ನೀನು ಹಂಗೇ ಅಂತೀಯ. ನಾನೇನು ಅವನಿಗೆ ಕೆಟ್ಟದ್ದು ಬಯಸ್ತೀನಾ?" ಎಂದ ಗಂಗಾಧರಸ್ವಾಮಿ.

"ಓಗು ಓಗು ಅಂದೋರು ನೀವು ಸಾ. ಅದ್ಯಾಕೆ ಏಳ್ಲಿಲ್ಲ?"

ಷೆಡ್ಡಿನಲ್ಲಿ ಸ್ಪ್ಯಾನರ್ ಆಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಗಂಗಾಧರಸ್ವಾಮಿಯ ಮುಖ ಕಪ್ಪಿಟ್ಟಿತು. "ಕಿವಿ ಜೊತೆ ತಲೇನೂ ಹೋಗ್ಯದೆ ನಿಂದು. ನಿನ್ನ ಕೈಗೆ ಇನ್ಮೇಲೆ ನನ್ನ ಗಾಡಿ ಇಲ್ಲ" ಎಂದ. ಚೆಲುವರಾಜು ಇಪ್ಪತ್ತು ವರ್ಷ ದುಡಿದ ಷೆಡ್ಡಿನಿಂದ ತಿರುಗಿ ನೋಡದೆ ಹೊರಬಂದ. ಹಾಗೆ ಯಾರ ಮುಂದೆಯೂ ಅವನು ದನಿ ಏರಿಸಿದ್ದಿಲ್ಲ.

"ಬೀಬೀಜಿ ಬದ್ಕವ್ಳೆ" ಎಂದ ರಸ್ತೆಗೆ ಬಂದ ಮೇಲೆ ಶ್ವೇತಳಿಗೆ. "ಅವಳ ಬಾಯಿಂದ ಕೇಳ್ಕೊಂಡು ಬತ್ತೀನಿ. ಅವಳ ನಂಬರ್ ನನ್ನ ಸುಟ್ಟೋದ ಫೋನ್ನಾಗೆ ಇತ್ತು. ಓಗೇ ಬರ್ಬೇಕು."

"ನಾನೂ ಬತ್ತೀನಿ" ಎಂದಳು ಶ್ವೇತ. "ಅವ್ರು ಸತ್ತ ಜಾಗ ನೋಡ್ಬೇಕು."

ಇದಕ್ಕೆ ಎರಡೂ ಊರಿನಲ್ಲಿ ಬಾಯಿ ಬಂತು. ಗಂಡ ಸತ್ತು ವರ್ಷ ತುಂಬಿಲ್ಲ, ಪರಗಂಡಸಿನ ಜೊತೆ ಲಾರಿಯಲ್ಲಿ ಉತ್ತರ ದೇಶಕ್ಕೆ ಹೋಗುತ್ತಾಳಂತೆ ಎಂದು ಮಾದಯ್ಯನ ಕಿವಿಗೆ ಊದಿದರು. ಅವನು ಬೇಡ ಎಂದ. ಮೂಲೆಯಲ್ಲಿ ಕೂತಿದ್ದ ಮಂಗಳಮ್ಮ ಮಾತ್ರ ಸೊಸೆಯನ್ನು ಹತ್ತಿರ ಕರೆದು, "ನಾನು ಎತ್ತಿರೋ ಮಗ ಕಣವ್ವ, ನನ್ ಕಾಲಿಗೆ ಬಲ ಇದ್ದಿದ್ರೆ ನಾನೇ ಓಗ್ತಿದ್ದೆ. ನೀನು ಓಗು. ಈ ಮನೇಲಿ ನಿನ್ನ ಯಾರ್ ತಡೀತಾರೆ ನೋಡ್ತೀನಿ" ಎಂದಳು.

ಹೆಮ್ಮಿಗೆಯ ಬಾಯಿಯನ್ನು ಮುಚ್ಚಿಸಿದವಳು ಆಶಾರಾಣಿ. ದಸರೆಯ ರಜೆಗೆ ಶಾಲೆ ಮುಚ್ಚುತ್ತಿತ್ತು. "ಪರಗಂಡಸು ಅಂದ್ರೆ ನನ್ನ ಗಂಡ ತಾನೆ? ನಾನೂ ಬತ್ತೀನಿ. ಒಂದು ಕಡೆ ನಾನು ಕೂತ್ಕೋತೀನಿ, ಅದ್ಯಾರು ಮಾತಾಡ್ತಾರೋ ಮಾತಾಡ್ಲಿ" ಎಂದು ಬಾವಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳಿದಳು.

ನವರಾತ್ರಿಗೆ ಉತ್ತರದವರಿಗೆ ತೆಂಗಿನಕಾಯಿ ಬೇಕು. ನರಸೀಪುರದ ಒಬ್ಬ ವ್ಯಾಪಾರಿಗೆ ಪಂಜಾಬಿಗೆ ಹೋಗಲು ಡ್ರೈವರುಗಳು ಸಿಗುತ್ತಿರಲಿಲ್ಲ. ಚೆಲುವರಾಜು ನಾನು ಹೋಗುತ್ತೇನೆ ಎಂದಾಗ ಅವನು ಕಾಲು ನೋಡಿದ, ಕಿವಿ ನೋಡಿದ, ಕೊನೆಗೆ ಕಾಯಿಯ ರಾಶಿ ನೋಡಿ ಒಪ್ಪಿದ. ಜೊತೆಗೆ ಹಳೆಯ ಡ್ರೈವರ್ ಬಸವಯ್ಯನನ್ನು ಕಳಿಸಿದ. ಕ್ಯಾಬಿನ್ನಿನಲ್ಲಿ ನಾಲ್ವರು. ಒಬ್ಬ ಗಂಡಸು ಓಡಿಸುವಾಗ ಇನ್ನೊಬ್ಬ ಹಿಂದೆ ಮಲಗುವುದು, ಹೆಂಗಸರಿಬ್ಬರು ಕಿಟಕಿಯ ಕಡೆಗೆ.

ಅನಂತಪುರ ದಾಟಿದ ಮೇಲೆ ಆಶಾರಾಣಿ ಡಾಬಾಗಳನ್ನು ವಿಚಾರಿಸಿಕೊಳ್ಳಲು ಶುರು ಮಾಡಿದಳು. ಒಂದು ಕಡೆ ಬೇಳೆ ಬೆಂದಿಲ್ಲ ಎಂದು ಅಡುಗೆಯವನಿಗೆ ಕನ್ನಡದಲ್ಲೇ ಬೈದು ಅವನ ಕೈಯಿಂದ ಸೌಟು ಕಿತ್ತುಕೊಂಡಳು. ಆ ದಿನ ಶ್ವೇತ ನಕ್ಕಳು. ನಕ್ಕದ್ದಕ್ಕೆ ತಾನೇ ಗಾಬರಿಯಾಗಿ ಸೆರಗು ಬಾಯಿಗೆ ಹಿಡಿದಳು. "ನಗು ಬುಡವ್ವ, ಅವ್ನೇ ಇದ್ದಿದ್ರೆ ಎಷ್ಟು ನಗಿಸ್ತಿದ್ದ" ಎಂದಳು ಆಶಾರಾಣಿ. ನಂಜೇಶ ದಾರಿಯುದ್ದಕ್ಕೂ ಏನೇನು ಹೇಳುತ್ತಿದ್ದ ಎಂದು ಶ್ವೇತ ಕೇಳಿದಳು. ಅಷ್ಟು ವರ್ಷ ಕೇಳುವವನಾಗಿದ್ದ ಚೆಲುವರಾಜು ಆಗ ಹೇಳುವವನಾದ. ಈ ಸೇತುವೆಯ ಹತ್ತಿರ ಟೈರ್ ಒಡೆದಿತ್ತು, ಈ ಮರದ ಕೆಳಗೆ ಅವನಿಗೆ ಚೇಳು ಕಚ್ಚಿತ್ತು, ಇಲ್ಲಿ ನಿನಗೆ ಬಳೆ ತಗೊಂಡ, ಹೀಗೆ.

ಪಂಜಾಬಿನೊಳಗೆ ಹೋದ ಮೇಲೆ ಮೊದಲ ಸಂಜೆ ಪಕ್ಕದ ಹೊಲದಲ್ಲಿ ಯಾರೋ ಔಷಧಿ ಸಿಂಪಡಿಸುವ ಡ್ರೋನ್ ಹಾರಿಸುತ್ತಿದ್ದರು. ಭತ್ತದ ಮೇಲೆ ಸಣ್ಣದೊಂದು ಯಂತ್ರ, ಅಷ್ಟೇ. ಆ ಸದ್ದು ಬಲಗಿವಿಗೆ ಬಿದ್ದದ್ದೇ ತಡ ಚೆಲುವರಾಜುವಿನ ಕೈಗಳು ಸ್ಟಿಯರಿಂಗ್ ಮೇಲೆ ಸೆಟೆದುಕೊಂಡವು. ಲಾರಿ ರಸ್ತೆಯ ಅಂಚಿಗೆ ಎಳೆಯಿತು. ಹೇಗೋ ನಿಲ್ಲಿಸಿದ. ಬಸವಯ್ಯ, ನಾನು ಓಡಿಸುತ್ತೇನೆ, ಈಚೆ ಬಾ ಎಂದ.

"ತಡೀರಿ" ಎಂದು ಚೆಲುವರಾಜು ಕೆಳಗಿಳಿದ. ಕುಂಟಿಕೊಂಡು ಬದುವಿನ ಮೇಲೆ ನಡೆದು ಆ ಯಂತ್ರದ ನೇರ ಕೆಳಗೆ ಹೋಗಿ ನಿಂತ. ಅದು ಅವನ ತಲೆಯ ಮೇಲೆ ಸುತ್ತಿತು. ಹೊಲದವನು ದೂರದಿಂದ ಆಚೆ ಸರಿ, ಆಚೆ ಸರಿ ಎಂದು ಕೈ ಬೀಸಿದ. ಚೆಲುವರಾಜು ಅದು ಹೊಲ ಮುಗಿಸಿ ಕೆಳಗಿಳಿಯುವವರೆಗೂ ನಿಂತಿದ್ದ. ಮೈಮೇಲೆಲ್ಲ ಔಷಧಿ ಬಿದ್ದಿತ್ತು. ಆಶಾರಾಣಿ ಬೈಯುತ್ತಲೇ ಪಂಪ್‌ಸೆಟ್ಟಿನ ನೀರಿನಲ್ಲಿ ಅವನ ಮೈ ತೊಳೆದಳು. "ಓಯ್ತಾ ಭಯ?" ಎಂದು ಕೇಳಿದಳು.

"ಇಲ್ಲ" ಎಂದ. "ಆದ್ರೆ ಗಾಡಿ ನಾನೇ ಓಡುಸ್ತೀನಿ."

ಬೀಬೀಜಿಯ ಡಾಬಾ ಇತ್ತು. ಮುಂದಿನ ಅಂಗಳಕ್ಕೆ ಹೊಸ ಗಾರೆ ಹಾಕಿದ್ದರು, ತಂದೂರನ್ನು ಮತ್ತೆ ಕಟ್ಟಿದ್ದರು. ಬೆಂಕಿ ಉರಿಯುತ್ತಿತ್ತು. ಗಂಡ ಸತ್ತ ಮೇಲೆ ಮಗ ಊರು ಬಿಡೋಣ ಎಂದಿದ್ದನಂತೆ. ಬಲ್ಬೀರ್ ಕೌರ್ ಒಪ್ಪಿರಲಿಲ್ಲ. ಅವರ ಹೊಲ ಗಡಿಯ ಬೇಲಿಯವರೆಗೂ ಹೋಗುತ್ತದೆ. ಮೂರು ಸಲ ಗಲಾಟೆಯಲ್ಲಿ ಗಂಟುಮೂಟೆ ಕಟ್ಟಿದ್ದೇನೆ, ಮೂರು ಸಲವೂ ಬಂದು ಗೋಧಿ ಕೊಯ್ದಿದ್ದೇನೆ, ಈಗ ಯಾರಿಗೆ ಹೆದರಿ ಹೋಗಲಿ ಎಂದಳಂತೆ.

ಚೆಲುವರಾಜು ಕ್ಯಾಬಿನ್ನಿನಿಂದ ಇಳಿದದ್ದನ್ನು ನೋಡಿ ಅವಳು ಹಿಟ್ಟಿನ ಕೈಯಲ್ಲೇ ಬಂದು ಅವನ ಮುಖವನ್ನು ಹಿಡಿದಳು. ಬಲ ಅಂಗೈಯಲ್ಲಿ ಸುಟ್ಟ ಗಾಯ ಮಾಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅವನು ಶ್ವೇತಳನ್ನು ತೋರಿಸಿ, "ನಂಜೇಶ್ ಕಾ ಘರ್‌ವಾಲಾ" ಎಂದ. ಬೇರೆ ಸಮಯವಾಗಿದ್ದರೆ, ಹೆಂಡತಿಯನ್ನು ಗಂಡ ಎಂದ ಆ ಹಿಂದಿಗೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗಲಿಲ್ಲ. ಶ್ವೇತಳನ್ನು ಎದೆಗೆ ಒತ್ತಿಕೊಂಡಳು. ಅಷ್ಟು ತಿಂಗಳು ಬಾರದ ಅಳು ಶ್ವೇತಳಿಗೆ ಆಗ ಬಂತು.

ಊಟವಾದ ಮೇಲೆ ಚೆಲುವರಾಜು ಬಂದ ಕಾರಣ ಹೇಳಿದ. ಬಲ್ಬೀರ್ ಕೌರ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಯಾರ ಒಲೆ? ಯಾವ ಸಾರು? ಆ ದಿನ ಅವನು ನನ್ನ ಹತ್ತಿರ ರೊಟ್ಟಿಗೆ ಹೇಳಿದ್ದ, ಅವನ ಒಲೆ ಲಾರಿಯಿಂದ ಕೆಳಕ್ಕೇ ಇಳಿದಿರಲಿಲ್ಲ ಎಂದಳು. ಅರ್ಥವಾದ ಮೇಲೆ ಎದ್ದು ನಿಂತಳು. ಶ್ವೇತಳ ಕೈ ಹಿಡಿದು ಹಿಟ್ಟಿನ ಕೋಣೆಗೆ ಕರೆದುಕೊಂಡು ಹೋಗಿ, ಇಲ್ಲಿಗೆ ತಳ್ಳಿದ, ಹೀಗೆ, ಎಂದು ಅವಳ ರಟ್ಟೆ ಹಿಡಿದು ತೋರಿಸಿದಳು. ಅಂಗಳದಲ್ಲಿ ಅವನು ಬಿದ್ದ ಜಾಗ, ರಾಮ್‌ಪ್ರವೇಶ್ ಕೂತಿದ್ದ ಜಾಗ, ತನ್ನ ಗಂಡನ ಜಾಗ ತೋರಿಸಿದಳು. ಶ್ವೇತ ನಂಜೇಶ ಬಿದ್ದ ಕಡೆ ಕೂತು, ಚೀಲದಿಂದ ಭಸ್ಮ ತೆಗೆದು ನೆಲಕ್ಕೆ ಹಚ್ಚಿ, ಮೂರೂ ಜಾಗಕ್ಕೆ ಒಂದೊಂದು ತೆಂಗಿನಕಾಯಿ ಒಡೆದಳು.

ಆ ಧಣಿಯನ್ನು ನನ್ನ ಮುಂದೆ ಕೂರಿಸು, ನಾನೇ ಮಾತಾಡುತ್ತೇನೆ ಎಂದಳು ಬಲ್ಬೀರ್ ಕೌರ್. ಇಷ್ಟು ದೂರ ಹೇಗೆ ಎಂದ ಚೆಲುವರಾಜು. ಅವಳು ಸೊಂಟದಿಂದ ಫೋನ್ ತೆಗೆದು, ಕೆನಡಾದಲ್ಲಿರುವ ಮೊಮ್ಮಗನ ಜೊತೆ ದಿನಾ ಮುಖ ನೋಡಿ ಮಾತಾಡುತ್ತೇನೆ, ನಿಮ್ಮೂರು ಅದಕ್ಕಿಂತ ದೂರವಾ ಎಂದು ಕೇಳಿದಳು.

ಅವರು ತಿರುಗಿ ಬಂದ ಮೇಲೆ ಆಯುಧ ಪೂಜೆ ಬಂತು. ಗಂಗಾಧರಸ್ವಾಮಿಯ ಷೆಡ್ಡಿನ ಮುಂದೆ ಲಾರಿಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು, ಬೂದುಗುಂಬಳಕಾಯಿಗೆ ಕುಂಕುಮ ತುಂಬಿದ್ದರು. ನಂಜನಗೂಡು, ನರಸೀಪುರದ ಉತ್ತರ ಲೈನಿನ ಡ್ರೈವರುಗಳು ಮುಕ್ಕಾಲು ಪಾಲು ಅಲ್ಲಿದ್ದರು. ಮದನ್ ಕೂಡ ಫೋನ್ ಹಿಡಿದು ಪೂಜೆ ಚಿತ್ರೀಕರಿಸುತ್ತಿದ್ದ. ಶ್ವೇತ, ಚೆಲುವರಾಜು, ಆಶಾರಾಣಿ ಒಳಗೆ ಬಂದದ್ದನ್ನು ನೋಡಿ ಗಂಗಾಧರಸ್ವಾಮಿ ನಗುಮುಖ ಮಾಡಿ, ಬನ್ನಿ ಬನ್ನಿ, ಪ್ರಸಾದ ತಗೊಳ್ಳಿ ಎಂದ.

"ಪ್ರಸಾದ ಆಮೇಲೆ" ಎಂದಳು ಶ್ವೇತ. ದನಿ ಗಟ್ಟಿಯಾಗಿತ್ತು. "ನನ್ನ ಗಂಡ ಬೆಂಕಿ ಅಚ್ಚಿ ಮೂರು ಜನ ಸತ್ರು ಅಂತ ಏಳಿದ್ರಲ್ಲ, ಆ ಬೆಂಕಿ ಯಾರ್ದು ಅಂತ ಬೆಂಕಿಯೋರೇ ಏಳ್ತಾರೆ, ಕೇಳಿ."

ಅವಳು ಫೋನನ್ನು ಲಾರಿಯ ಬಾನೆಟ್ಟಿನ ಮೇಲೆ ಹೂವಿನ ಪಕ್ಕ ನಿಲ್ಲಿಸಿದಳು. ಪರದೆಯ ಮೇಲೆ ಬಲ್ಬೀರ್ ಕೌರ್‌ಳ ಮುಖ ಬಂತು.

"ಲೇ, ಬೀಬೀಜಿ ಕಣ್ಲಾ!" ಎಂದ ಯಾರೋ. ಡ್ರೈವರುಗಳೆಲ್ಲ ಮುಂದಕ್ಕೆ ನುಗ್ಗಿದರು. ಅಲ್ಲಿದ್ದವರಲ್ಲಿ ಅವಳ ಕೈಯ ರೊಟ್ಟಿ ತಿನ್ನದವರು ಕಡಿಮೆ. ಅವಳು ಒಬ್ಬೊಬ್ಬರನ್ನೂ ಗುರುತು ಹಿಡಿದಳು. ಆಮೇಲೆ ಹೇಳಿದಳು. ಹಿಂದಿ ಬರುವ ಡ್ರೈವರುಗಳಿಗೆ ಅನುವಾದ ಬೇಕಿರಲಿಲ್ಲ. ಬರದವರಿಗೆ ಚೆಲುವರಾಜು ಹೇಳುತ್ತಾ ಹೋದ. ಬೆಂಕಿ ನನ್ನದು. ಹಚ್ಚಿದವಳು ನಾನು. ಮುಚ್ಚಿದವನು ನಂಜೇಶ. ಅವನು ಮುಚ್ಚಿಯಾದ ಮೇಲೇ ಡ್ರೋನ್ ಬಿದ್ದದ್ದು, ಕತ್ತಲಲ್ಲಿ ಬಿದ್ದದ್ದು. ಅದನ್ನು ಕಳಿಸಿದವರು ಗಡಿಯಾಚೆ ಇದ್ದಾರೆ, ನಿಮ್ಮ ಷೆಡ್ಡಿನಲ್ಲಿ ಕೂತು ಸತ್ತವನ ಮೇಲೆ ಯಾಕೆ ಹೊರಿಸುತ್ತೀರಿ? ಅವನು ತಳ್ಳದಿದ್ದರೆ ನಾನಿಲ್ಲಿ ಮಾತಾಡುತ್ತಿರಲಿಲ್ಲ. ಹಾಗಲ್ಲ ಎಂದ ಮನುಷ್ಯ ಯಾರು, ಮುಖ ತೋರಿಸಲಿ ಎಂದಳು.

ಎಲ್ಲರೂ ಗಂಗಾಧರಸ್ವಾಮಿಯ ಕಡೆಗೆ ತಿರುಗಿದರು. ಅವನು ಮಂಗಳಾರತಿಗೆ ಹೊತ್ತಾಯಿತು ಎಂದು ಪೂಜಾರಿಗೆ ಸನ್ನೆ ಮಾಡಿದ. ಪೂಜಾರಿ ಅಲುಗಲಿಲ್ಲ.

"ಯಾರೋ ಹೇಳಿದ್ರು, ನಾನು ಹೇಳ್ದೆ" ಎಂದ ಗಂಗಾಧರಸ್ವಾಮಿ ಕೊನೆಗೆ.

"ಯಾರು ಏಳಿದ್ರು ಸಾ?" ಎಂದ ಬಸವಯ್ಯ ಹಿಂದಿನಿಂದ. ಗಂಗಾಧರಸ್ವಾಮಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆರತಿ ತಟ್ಟೆ ಹಾಗೇ ಉಳಿಯಿತು. ಆಶಾರಾಣಿ ಅದನ್ನು ಎತ್ತಿ ಶ್ವೇತಳ ಕೈಗೆ ಕೊಟ್ಟಳು. ಗಂಡ ಸತ್ತವಳು ಆರತಿ ಎತ್ತಬಹುದೇ ಎಂದು ಒಬ್ಬಿಬ್ಬರು ಗೊಣಗಿದರು. ಶ್ವೇತ ನಂಜೇಶ ಓಡಿಸುತ್ತಿದ್ದ ಲಾರಿಗೆ ಬೆಳಗಿದಳು. ಆ ಲಾರಿಗೆ ಹೊಸ ಗಾಜು, ಹೊಸ ಬಣ್ಣ ಹಾಕಿದ್ದರೂ ಬಾಗಿಲಿನಲ್ಲಿ ಚೂರು ಹೊಕ್ಕ ತೂತುಗಳು ಪೂರ್ತಿ ಮುಚ್ಚಿರಲಿಲ್ಲ. ಆಮೇಲೆ ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಆರತಿ ತೆಗೆದುಕೊಂಡರು.

ಗಂಗಾಧರಸ್ವಾಮಿ ಇವತ್ತಿನವರೆಗೂ ತಪ್ಪಾಯಿತು ಎಂದಿಲ್ಲ. ಹಳೆಯ ವಿಡಿಯೊವನ್ನು ಮದನ್ ತೆಗೆದುಹಾಕಿದ, ಆದರೂ ಅದು ಯಾರ್ಯಾರದೋ ಫೋನಿನಲ್ಲಿ ಇನ್ನೂ ಓಡಾಡುತ್ತಿದೆ. ಪೂಜೆಯ ದಿನ ಅವನು ತೆಗೆದ ಹೊಸದನ್ನು ನೋಡಿದವರು ಹಳೆಯದನ್ನು ನೋಡಿದವರಷ್ಟು ಇಲ್ಲ. ಅದಕ್ಕೆ ಶ್ವೇತ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾರ್ಮೆಂಟ್ಸಿನಲ್ಲಿ ಯಾರಾದರೂ ಆ ಮಾತೆತ್ತಿದರೆ ಮೆಷಿನ್ ನಿಲ್ಲಿಸಿ, ಎದ್ದು ನಿಂತು, ಮೊದಲಿನಿಂದ ಕೊನೆಯವರೆಗೂ ಹೇಳುತ್ತಾಳೆ. ಸೂಪರ್‌ವೈಸರ್ ಕೂಗಿದರೂ ನಿಲ್ಲಿಸುವುದಿಲ್ಲ. ಮಾದಯ್ಯ ಮತ್ತೆ ತೋಟಕ್ಕೆ ಹೋಗುತ್ತಾನೆ. ಮಗನ ಗದ್ದುಗೆಗೆ ಕಲ್ಲು ಇಡಿಸುವಾಗ ಸೊಸೆಯ ಮಾತಿನಂತೆ ರಾಮ್‌ಪ್ರವೇಶನ ಹೆಸರನ್ನೂ ಸರದಾರನ ಹೆಸರನ್ನೂ ಕೆತ್ತಿಸಿದ. ಮಠದಲ್ಲಿ ಕೆಲವರು ಆಕ್ಷೇಪಿಸಿದರು. ಕಲ್ಲು ಹಾಗೇ ಇದೆ.

ಚೆಲುವರಾಜುವಿನ ಎಡಗಿವಿ ಬರಲಿಲ್ಲ. ಮೈಸೂರಿನ ಡಾಕ್ಟರು ದೂರದ ಲೈನು ಸಾಕು ಎಂದರು. ಆದರೂ ಅವನು ನರಸೀಪುರದ ವ್ಯಾಪಾರಿಯ ಲಾರಿಯಲ್ಲಿ ಈಗಲೂ ಆ ಪೇಟೆಗೇ ಹೋಗುತ್ತಾನೆ. ಜೊತೆಗೆ ಬಸವಯ್ಯ. ಮೊನ್ನೆ ಹೊರಡುವಾಗ ಹೆಮ್ಮಿಗೆಯ ಸೇತುವೆಯ ಹತ್ತಿರ ಯಾರೋ ಗೆಳೆಯರು ಲಾರಿ ನಿಲ್ಲಿಸಿ, ಅಲ್ಲಿ ಮತ್ತೆ ಗಲಾಟೆ ಆಗುತ್ತದಂತೆ, ಟೀವಿಯಲ್ಲಿ ಹೇಳುತ್ತಿದ್ದಾರೆ, ಭಯ ಆಗಲ್ವೇನಯ್ಯ ಎಂದು ಕೇಳಿದರು.

"ಆಯ್ತದೆ" ಎಂದ ಚೆಲುವರಾಜು. "ಭಯ ಆಯ್ತದೆ ಅಂತ ಆ ಊರ್ನ ಬುಟ್ಬುಡಾಕಾಯ್ತದಾ? ಅಲ್ಲೂ ಜನ ಅವ್ರೆ ಕಣ್ಲಾ, ಅವ್ರ್ಗೂ ಕಾಯಿ ಬೇಕು. ದಾರಿ ಬುಡಿ, ಬಿಸ್ಲು ಏರ್ತಾ ಅದೆ."